ಟ್ಯಾಂಕಿನ ಹೊಗೆಯಲ್ಲಿ ಲೋಬಾನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಚನ್ನಗಿರಿಯಲ್ಲಿ ನನ್ನ ಅಂಗಡಿಗೆ ಮೋಟರು ತರುವವರಿಗೆಲ್ಲ ಗೊತ್ತು. ಮೋಟರು ವೈಂಡಿಂಗ್ ನನ್ನ ಕಸುಬು. ಸುಟ್ಟುಹೋದ ಪಂಪು, ಮಿಕ್ಸಿ, ಫ್ಯಾನುಗಳ ಹಳೆ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುತ್ತೇನೆ. ಸುತ್ತು ಎಣಿಸುವಾಗ ಯಾರಾದರೂ “ಆತೇನ್ರೀ?” ಎಂದರೆ ಎಣಿಕೆ ತಪ್ಪುತ್ತದೆ. ಎಣಿಕೆ ತಪ್ಪಿದರೆ ಬೈಯುತ್ತೇನೆ. ಬೈಸಿಕೊಂಡವರು ಮುಂದಿನ ಸಲವೂ ನನ್ನ ಹತ್ತಿರವೇ ಬರುತ್ತಾರೆ. ಇಂಥ ನಾನು, ಬಾಯಿ ಬಿಡಲೇಬೇಕಾಗಿದ್ದ ಒಂದು ದಿನ ಬಾಯಿ ಬಿಡಲಿಲ್ಲ. ಆವತ್ತು ಆಡದ ಮಾತನ್ನು ಈಗ ಬರೆಯುತ್ತಿದ್ದೇನೆ.

ಅಂಗಡಿ ನನ್ನ ಅಪ್ಪನದು. ಅವರು ಬಿಟ್ಟುಹೋದ ನೇಮ ಒಂದಿದೆ. ರಿಪೇರಿಯಾದ ಯಾವ ಸಾಮಾನೂ ಲೋಬಾನದ ಹೊಗೆ ಹಿಡಿಸದೆ ಹೊಸ್ತಿಲು ದಾಟಬಾರದು. ನಾವು ಮುಸಲ್ಮಾನರು ಲೋಬಾನ ಎನ್ನುವುದು ಬೇರೇನಲ್ಲ, ಪೇಟೆಯಲ್ಲಿ ಉಳಿದವರು ಸಾಂಬ್ರಾಣಿ ಎನ್ನುತ್ತಾರಲ್ಲ, ಅದೇ. ಮಾರುವ ಅಂಗಡಿಯೂ ಒಂದೇ, ಡಬ್ಬಿಯೂ ಒಂದೇ. ಗುರುವಾರ ಸಂಜೆ ಇಡೀ ಅಂಗಡಿಗೆ ಹೊಗೆ, ಉಳಿದ ದಿನ ಹೊರಡುವ ಸಾಮಾನಿಗೆ ಮಾತ್ರ. ಕೆಂಡದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ರಟ್ಟಿನ ಚೂರಿನಿಂದ ಬೀಸುತ್ತಿದ್ದರು ಅಪ್ಪ. “ಇಷ್ಟು ದಿನ ಕರಕಲು ವಾಸ್ನೆ ಕುಡ್ದೈತೆ ಮೋಟ್ರು, ಹೋಗುವಾಗಾದ್ರೂ ಒಳ್ಳೇದು ಕುಡ್ಕೊಂಡು ಹೋಗ್ಲಿ” ಎನ್ನುತ್ತಿದ್ದರು. ಗಿರಾಕಿ ಎಷ್ಟೇ ಅವಸರ ಮಾಡಿದರೂ ಕೆಂಡ ಸಿದ್ಧವಾಗುವ ತನಕ ಕಾಯಲೇಬೇಕಿತ್ತು. ಅವರು ಹೋದಮೇಲೆ ನಾನೂ ಅದನ್ನು ಬಿಟ್ಟಿಲ್ಲ. ಭಕ್ತಿಯೋ ಅಭ್ಯಾಸವೋ ಕೇಳಬೇಡಿ, ನನಗೂ ಗೊತ್ತಿಲ್ಲ.

ಇನ್ನು ನನ್ನ ಗೆಳೆಯನ ವಿಷಯ. ಹೊನ್ನಾಳಿಯಲ್ಲಿ ಐಟಿಐ ಓದುವಾಗ ಅವನು ನಾನು ಒಂದೇ ಬೆಂಚು. ಅವನ ಊರು ಅಲ್ಲೇ ಹೊಳೆದಂಡೆಯ ಹಳ್ಳಿ. ಮಧ್ಯಾಹ್ನ ಅವನ ಬುತ್ತಿಯ ರೊಟ್ಟಿ ನನಗೆ, ನನ್ನ ಬುತ್ತಿಯ ಚಪಾತಿ ಅವನಿಗೆ. ಓದು ಮುಗಿದಮೇಲೆ ನಾನು ಅಪ್ಪನ ಅಂಗಡಿಯಲ್ಲಿ ಕೂತೆ, ಅವನು ಸೈನ್ಯ ಸೇರಿ ಟ್ಯಾಂಕು ಓಡಿಸಿದ. ಹವಾಲ್ದಾರನಾಗಿ ನಿವೃತ್ತಿಯಾಗಿ ಬಂದು ನ್ಯಾಮತಿಯಲ್ಲಿ ಮನೆ ಮಾಡಿದ. ಈಗ ಸೈನ್ಯದ ಭರ್ತಿಗೆ ಹೋಗುವ ಹುಡುಗರಿಗೆ ಬೆಳಗ್ಗೆ ಬೆಳಗ್ಗೆ ಓಟ ಕಲಿಸುತ್ತಾನೆ. ನಾವಿಬ್ಬರೂ ಐವತ್ತರ ಆಚೆ ಈಚೆ. ನಾನು ಅವನನ್ನು “ಹವಾಲ್ದಾರ್ರೇ” ಎಂದು ಕಾಡಿಸುತ್ತೇನೆ. ಅವನು ನನ್ನನ್ನು “ಉಸ್ತಾದ” ಎನ್ನುತ್ತಾನೆ. ಸೈನ್ಯದಲ್ಲಿ ಕೆಲಸ ಕಲಿಸಿದವರನ್ನು ಹಾಗೆ ಕರೆಯುತ್ತಾರಂತೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅವನು ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಸ್ಸಿಳಿದು ಬಂದ. ಒಳಗೆ ಒಂದೂವರೆ ಅಡಿ ಉದ್ದದ ಟ್ಯಾಂಕು. ಕೈಯಲ್ಲಿ ರಿಮೋಟು ಹಿಡಿದು ಓಡಿಸುವಂಥದು, ಆನ್‌ಲೈನಿನಲ್ಲಿ ತರಿಸಿದ್ದ.

“ಇದರ ಮೋಟ್ರು ಸುಟ್ಟೈತೆ ಉಸ್ತಾದ. ಕಟ್ಟಿಕೊಡಾಕೆ ಆಗ್ತೈತಾ?”

“ಯಾವ ಮೊಮ್ಮಗನಿಗೆ ತಂದ್ರಿ ಹವಾಲ್ದಾರ್ರೇ?”

“ನನಗೇ ಕಣಲೇ,” ಎಂದ. ನಾಚಿಕೆಯಿಂದ ಕತ್ತು ಬಗ್ಗಿಸಿದ.

ಟ್ಯಾಂಕಿನ ಬೆನ್ನಮೇಲೆ ಪ್ಲಾಸ್ಟಿಕ್ಕು ಕರಗಿ ಸೊಟ್ಟಗಾಗಿತ್ತು. ಕೇಳಿದರೆ ಮೊದಲು ಹೇಳಲಿಲ್ಲ. ಆಮೇಲೆ ಬಾಯಿಬಿಟ್ಟ. ಹೊಗೆ ಬರಲಿ ಎಂದು ಒಳಗೆ ನಾಲ್ಕು ಊದುಬತ್ತಿ ಹಚ್ಚಿಟ್ಟು ಓಡಿಸಿದ್ದನಂತೆ! ನಾನು ನಕ್ಕಿದ್ದಕ್ಕೆ ಎದುರಂಗಡಿಯ ಟೈಲರು ಹೊಲಿಗೆ ನಿಲ್ಲಿಸಿ ಎದ್ದು ಬಂದು ನೋಡಿದ.

ಕೂದಲಿನಷ್ಟು ಸಣ್ಣ ತಂತಿ ಹುಡುಕಿ ಆ ಗೊಂಬೆ ಮೋಟರು ಕಟ್ಟಿಕೊಟ್ಟೆ. ಅಂಗಡಿಯ ನೆಲದ ಮೇಲೆ ಟ್ಯಾಂಕು ಗರಗರ ಓಡಿತು. ಅವನ ಮುಖ ಮಾತ್ರ ಅರಳಲಿಲ್ಲ.

“ಓಡ್ತೈತೆ, ಸರಿ. ಆದ್ರೆ ಜೀವ ಇಲ್ಲ. ಅಸಲಿ ಟ್ಯಾಂಕು ಸ್ಟಾರ್ಟ್ ಮಾಡಿದ್ರೆ ಮೊದ್ಲು ಬಕ್ ಅಂತ ಹೊಗೆ ಬರ್ತೈತೆ. ಆ ಹೊಗೆ ನೋಡೇ ಎಂಜಿನ್ನು ಹೆಂಗೈತೆ ಅಂತ ಹೇಳ್ತಿದ್ವಿ ನಾವು. ಅಷ್ಟು ವರ್ಷ ಏನು ಮಾಡ್ದೆ ಅಂತ ನನ್ನ ಹೆಂಡ್ತಿಗೂ ತಿಳಿಸಿ ಹೇಳಾಕೆ ಬರಲ್ಲ ನಂಗೆ. ಇದಕ್ಕೆ ಹೊಗೆ ಬಂದ್ರೆ ಇಟ್ಟು ತೋರಿಸ್ತೀನಿ, ನೋಡ್ರಿ, ಹಿಂಗಿತ್ತು ಅಂತ.”

ಅವನ ಆಸೆ ಅದು. ನನ್ನದೂ ಒಂದಿತ್ತು, ಅದನ್ನು ಆವತ್ತು ಅವನಿಗೆ ಹೇಳಿಬಿಟ್ಟೆ. ಮೂವತ್ತು ವರ್ಷ ನಾನು ಬೇರೆಯವರು ಮಾಡಿದ್ದನ್ನೇ ಸರಿಮಾಡಿದವನು. ನಾನು ಸುತ್ತಿದ ತಂತಿ ಮೋಟರಿನ ಹೊಟ್ಟೆಯೊಳಗೆ ಇರುತ್ತದೆ, ಮೇಲೆ ಕಂಪನಿಯ ಚೀಟಿ. ಹೊಲಕ್ಕೆ ನೀರು ಬಂದರೆ ಪಂಪಿಗೆ ಹೊಗಳಿಕೆ, ಬಾರದಿದ್ದರೆ ನನಗೆ ಬೈಗುಳ. ಇದು ನಾನು ಮಾಡಿದ್ದು ಎಂದು ನಾಲ್ಕು ಜನರ ಮುಂದೆ ಕೈಯಿಟ್ಟು ತೋರಿಸುವ ವಸ್ತು ಒಂದಾದರೂ ಬೇಕು ಎಂಬ ಆಸೆ. ಅವನು ನನ್ನ ಬೆನ್ನಮೇಲೊಂದು ಗುದ್ದು ಹಾಕಿ, “ಹೊಗೆ ನೀನು ಮಾಡು. ಆದ್ಮೇಲೆ ಇಬ್ರೂ ಒಟ್ಟಿಗೇ ನಿಂತು ತೋರ್ಸಾಣ. ನಾನು ಓಡಿಸ್ತೀನಿ, ಹೊಗೆ ಹೆಂಗೆ ಬಂತು ಅಂತ ಮೈಕ್ ಹಿಡ್ದು ನೀನೇ ಹೇಳು” ಎಂದ.

ಅದು ಮಾತು. ಬರೆದಿಟ್ಟುಕೊಳ್ಳುವಂಥದ್ದಲ್ಲ, ಆದರೆ ಮಾತು ಮಾತೇ.

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ ದೊಡ್ಡವರು. ನಮಗೆ ಬೇಕಾದದ್ದು ಬೆಂಕಿಯಿಲ್ಲದ ಹೊಗೆ. ಮೆಡಿಕಲ್ ಶಾಪಿನ ಗ್ಲಿಸರಿನ್ನಿಗೆ ಬ್ಯಾಟರಿ ನೀರು ಬೆರೆಸಿ ಬಿಸಿ ತಂತಿಯ ಮೇಲೆ ಹಾಕಿದರೆ ಬೆಳ್ಳನೆಯ ಹೊಗೆ ಏಳುತ್ತದೆ ಎಂದು ಮೊಬೈಲಿನಲ್ಲಿ ನೋಡಿಕೊಂಡೆ. ನೋಡಿದಷ್ಟು ಸಲೀಸಾಗಿರಲಿಲ್ಲ ಕೆಲಸ. ಹೀಟರಿನಲ್ಲಿ ಕೆಂಪಗಾಗುತ್ತದಲ್ಲ, ಆ ತಂತಿಯನ್ನು ಹಳೆ ಹೇರ್ ಡ್ರೈಯರಿನಿಂದ ಬಿಚ್ಚಿ ಹತ್ತಿ ಬತ್ತಿಗೆ ಸುತ್ತಿದೆ. ಬತ್ತಿಯೇ ಸುಟ್ಟು ಕರಕಲಾಯಿತು. ಆಗ ಕಣ್ಣಿಗೆ ಬಿದ್ದದ್ದು ನಮ್ಮ ಕಸುಬಿನ ಸಾಮಾನೇ, ಮೋಟರಿನ ತಂತಿಗಳಿಗೆ ತೊಡಿಸುವ ಗಾಜಿನ ನೂಲಿನ ಕೊಳವೆ. ಅದು ಸುಡುವುದಿಲ್ಲ, ಗ್ಲಿಸರಿನ್ನಿನ ಎಣ್ಣೆಯನ್ನೂ ಹೀರುತ್ತದೆ. ಎಂಟು ಸುತ್ತು ಸುತ್ತಿದರೆ ತಂತಿ ಕೆಂಪಗಾಗಿ ತುಂಡಾಯಿತು. ಹನ್ನೆರಡು ಸುತ್ತಿದರೆ ಬೆಚ್ಚಗಾಯಿತೇ ಹೊರತು ಹೊಗೆಯಿಲ್ಲ. ಕೊನೆಗೆ ಒಂಬತ್ತೂವರೆ ಸುತ್ತಿಗೆ ಹದ ಸಿಕ್ಕಿತು.

ಅದನ್ನು ಹಳೆ ಸ್ಟೋವಿನ ಹಿತ್ತಾಳೆ ಬಟ್ಟಲಲ್ಲಿ ಕೂರಿಸಿ, ಫ್ರಿಜ್ಜಿನ ತಾಮ್ರದ ಕೊಳವೆಯ ತುಂಡೊಂದನ್ನು ಟ್ಯಾಂಕಿನ ಹೊಗೆಬಾಯಿಗೆ ಕೊಟ್ಟೆ. ಸ್ಟೋವಿಗೆ ಎಣ್ಣೆ ಹಾಕಿ ಅಭ್ಯಾಸವಾದ ಕೈ, ಬಟ್ಟಲನ್ನು ಕಂಠಮಟ್ಟ ತುಂಬಿಸಿಬಿಟ್ಟೆ. ಸ್ವಿಚ್ಚು ಹಾಕಿದರೆ ಬಿಸಿ ಗ್ಲಿಸರಿನ್ನು ಕೊಳವೆಯಿಂದ ಚಿಮ್ಮಿ ಹವಾಲ್ದಾರರ ಮೀಸೆಗೆ ಬಿತ್ತು. ಬಟ್ಟಲು ತುಂಬಬಾರದು, ಬತ್ತಿ ಒದ್ದೆಯಾಗಿದ್ದರೆ ಸಾಕು ಎಂದು ಅವನ ಮೀಸೆಯಿಂದ ಕಲಿತೆ.

ಹೊಗೆ ಬರುತ್ತಿತ್ತು. ಆದರೆ ಅಡುಗೆಮನೆಯ ಹೊಗೆಯಂತೆ ಒಂದೇ ಸಮ ಬರುತ್ತಿತ್ತು. “ಎಂಜಿನ್ನು ಏರಿದಂಗೆ ಹೊಗೆ ಏರಬೇಕು, ಇಳಿದಂಗೆ ಇಳೀಬೇಕು” ಎಂದು ಅವನು ಹಟ ಹಿಡಿದ. ವಾರವೆಲ್ಲ ತಲೆ ಕೆರೆದುಕೊಂಡೆ. ಗುರುವಾರ ಸಂಜೆ ಅಂಗಡಿಗೆ ಲೋಬಾನ ಹಾಕುತ್ತ ರಟ್ಟು ಬೀಸುತ್ತಿದ್ದಾಗ ಹೊಳೆಯಿತು. ಜೋರಾಗಿ ಬೀಸಿದರೆ ದಟ್ಟ, ಮೆಲ್ಲಗೆ ಬೀಸಿದರೆ ತೆಳು. ಕೆಂಡದಲ್ಲೇನೂ ಇಲ್ಲ, ಇರುವುದೆಲ್ಲ ಗಾಳಿಯಲ್ಲಿ. ತಗಡಿನ ರೆಕ್ಕೆ ಕತ್ತರಿಸಿ ಪುಟ್ಟ ಮೋಟರಿಗೆ ಕಟ್ಟಿ ಬಟ್ಟಲಿನ ಹಿಂದೆ ಕೂರಿಸಿ, ಟ್ಯಾಂಕು ಓಡಿಸುವ ಮೋಟರಿನ ತಂತಿಗೇ ಅದನ್ನೂ ಸೇರಿಸಿದೆ. ಟ್ಯಾಂಕು ಜೋರಾದರೆ ಫ್ಯಾನೂ ಜೋರು.

ಮುಂದಿನ ಭಾನುವಾರ ಓಡಿಸಿದೆವು. ಮುಂದಕ್ಕೆ ಬಿಟ್ಟಾಗ ಬಕಬಕ ಹೊಗೆ ಬಂತು. ಅವನು ಕುಣಿದಾಡಿದ. ಅದೇ ಖುಷಿಯಲ್ಲಿ ಹಿಂದಕ್ಕೆ ಬಿಟ್ಟ. ಟ್ಯಾಂಕು ಹಿಂದೆ ಹೋಗುವಾಗ ಫ್ಯಾನೂ ಹಿಂದುಮುಂದಾಗಿ ತಿರುಗುತ್ತದೆ ಎಂಬುದು ನನ್ನಂಥ ಮೋಟರಿನವನಿಗೂ ಹೊಳೆದಿರಲಿಲ್ಲ. ಹೊಗೆಯೆಲ್ಲ ಒಳಗೆ ನುಗ್ಗಿ ತೋಪಿನ ಬುಡದಿಂದ, ಮುಚ್ಚಳದಿಂದ, ಚಕ್ರಗಳ ಸಂದಿಯಿಂದ ಏಳತೊಡಗಿತು. ಅವನು ರಿಮೋಟು ಬಿಸಾಡಿ, ಬಾಗಿಲಲ್ಲಿದ್ದ ಒದ್ದೆ ಗೋಣಿಚೀಲ ಎಳೆದು ಟ್ಯಾಂಕಿನ ಮೇಲೆ ಹಾಕಿ ಅದರ ಮೇಲೆ ತಾನೇ ಬಿದ್ದ. ನಾನು ಹೊಟ್ಟೆ ಹಿಡಿದು ನಕ್ಕೆ. ಅವನು ನಗಲಿಲ್ಲ. ಎದ್ದು ಕೂತು, “ಅಸಲಿದರಾಗೆ ಒಳಗೆ ಹೊಗೆ ಬಂತು ಅಂದ್ರೆ ಉಸಿರು ಎಳಿಯೋದರಾಗೆ ಹೊರಗೆ ಹಾರಬೇಕು ಉಸ್ತಾದ. ನಗೋ ಮಾತಲ್ಲ” ಎಂದ. ನನ್ನ ನಗು ಅಲ್ಲಿಗೇ ನಿಂತಿತು. ಮುಂದೆ ಓಡಲಿ ಹಿಂದೆ ಓಡಲಿ, ಫ್ಯಾನಿಗೆ ಕರೆಂಟು ಒಂದೇ ದಿಕ್ಕಿನಿಂದ ಸಿಗುವಂತೆ ನಾಲ್ಕು ಡಯೋಡು ಹಾಕಿ ಕೊಟ್ಟೆ. ಅವನ ಮೇಲೆ ನನಗೆ ಅತಿ ಹೆಚ್ಚು ಪ್ರೀತಿ ಬಂದದ್ದು ಆ ದಿನವೇ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಲೋಬಾನ ಹಾಕಿದ್ದು ಕೊನೆಗೆ. ಟ್ಯಾಂಕು ಸಿದ್ಧವಾಯಿತು, ಹೊರಡುವ ಹೊತ್ತಾಯಿತು, ನೇಮದಂತೆ ಹೊಗೆ ಹಿಡಿಸಬೇಕು. ಕೆಂಡ ಹೊತ್ತಿಸಲು ಹೊರಟವನಿಗೆ ನಗು ಬಂತು. ತಾನೇ ಹೊಗೆ ಬಿಡುವ ಸಾಮಾನಿಗೆ ಮೇಲಿಂದ ಹೊಗೆ ಯಾಕೆ? ಲೋಬಾನದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಗ್ಲಿಸರಿನ್ನಿನ ಬಾಟಲಿಗೆ ಏಳೆಂಟು ಹನಿ ಬಿಟ್ಟೆ. ತಿಳಿಯಾಗಿದ್ದದ್ದು ಹಾಲು ಬಿದ್ದ ನೀರಿನಂತೆ ಬೆಳ್ಳಗಾಯಿತು. ಸ್ವಿಚ್ಚು ಹಾಕಿದರೆ ಅಪ್ಪನ ಕಾಲದ ಅಂಗಡಿಯೇ ಟ್ಯಾಂಕಿನ ಬಾಲದಿಂದ ಹೊರಗೆ ಬಂತು.

ಕಸುಬಿನ ಲೆಕ್ಕದಲ್ಲಿ ಇದು ಶುದ್ಧ ತಪ್ಪು. ಲೋಬಾನ ಅಂಟು. ಕಾಯಿಲಿಗೆ, ಅಂದರೆ ಸುತ್ತಿದ ಆ ತಂತಿಗೆ, ಕಪ್ಪಗೆ ಹತ್ತಿಕೊಂಡು ದಿನೇದಿನೇ ಅದನ್ನು ತಿನ್ನುತ್ತದೆ. ಬರಿಯ ಗ್ಲಿಸರಿನ್ನಿನಲ್ಲಿ ವರ್ಷಗಟ್ಟಲೆ ಬಾಳುವ ಕಾಯಿಲು ಲೋಬಾನದಲ್ಲಿ ಕೆಲವೇ ತಿಂಗಳು. ಬೇರೆ ಯಾವ ಮೆಕ್ಯಾನಿಕ್ಕೂ ಇಂಥ ಕೆಲಸ ಮಾಡಲಾರ. ಗೊತ್ತಿದ್ದೂ ಮಾಡಿದೆ. ಕಾಯಿಲು ಸುಟ್ಟರೆ ಇನ್ನೊಂದು ಸುತ್ತಿಕೊಟ್ಟರಾಯಿತು, ಅವನೇನು ಪರದೇಶಕ್ಕೆ ಹೋಗುತ್ತಾನೆಯೇ ಎಂದುಕೊಂಡೆ. ಅವನಿಗೂ ಅದನ್ನೇ ಹೇಳಿದೆ.

ಅವನು ಮೂಗರಳಿಸಿ, “ಟ್ಯಾಂಕು ಅಂದ್ರೆ ಡೀಸೆಲ್ ವಾಸ್ನೆ ಇರಬೇಕು ಕಣಲೇ. ಇದು ದರ್ಗಾದ ಮುಂದೆ ನಿಂತಂಗೆ ಐತಲ್ಲ!” ಎಂದ.

“ಬ್ಯಾಡ ಅಂದ್ರೆ ಹೇಳು, ಚೆಲ್ಲಿ ಬೇರೆ ಮಾಡ್ತೀನಿ.”

“ಇರ್ಲಿ ಬಿಡು. ಉಸ್ತಾದನ ಗುರ್ತು,” ಎಂದು ಅವನೇ ಹೇಳಿದ. ಆ ಮಾತನ್ನು ನಾನು ಹುಟ್ಟಿಸಿಕೊಂಡು ಬರೆಯುತ್ತಿಲ್ಲ.

ಮೊದಲ ಓಟ ಹೊನ್ನಾಳಿಯಲ್ಲಿ. ಬೇಸಿಗೆಯಲ್ಲಿ ತುಂಗಭದ್ರೆ ಇಳಿದು ಮರಳು ತೆರೆದಿತ್ತು. ಓದುವ ಕಾಲದಲ್ಲಿ ನಾವು ಬುತ್ತಿ ಬಿಚ್ಚುತ್ತಿದ್ದ ಜಾಗವೇ ಅದು. ಬೆಳಗಿನ ಹೊತ್ತು, ಗಾಳಿಯಿರಲಿಲ್ಲ. ಟ್ಯಾಂಕು ಮರಳಿನ ದಿಬ್ಬ ಏರುವಾಗ ಹೊಗೆ ದಪ್ಪಗಾಯಿತು, ಆಚೆ ಇಳಿಯುವಾಗ ಎಳೆಯಾಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅವನು ಓಡಿಸುತ್ತಲೇ ಇದ್ದ. ಕಣ್ಣಲ್ಲಿ ನೀರಿತ್ತು. “ಹಿಂಗೇ ಇತ್ತು,” ಎಂದ. ಮತ್ತೆ, “ಹಿಂಗೇ ಇತ್ತು ಉಸ್ತಾದ,” ಎಂದ.

ಅಲ್ಲಿ ಮರಳಮೇಲೆ ಕೂತೇ ಜಗಳೂರಿನ ಮಾತು ಬಂತು. ಜಗಳೂರಿನ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಮಾಜಿ ಸೈನಿಕ ಎಂದು ಅವನನ್ನು ಅತಿಥಿಯಾಗಿ ಕರೆದಿದ್ದರು. ಟ್ಯಾಂಕನ್ನು ಅಲ್ಲೇ ತೋರಿಸುವುದು, ಇಬ್ಬರೂ ಹೋಗುವುದು ಎಂದಾಯಿತು. ಬಣ್ಣ ಹೊಡೆಸಿ ಇಡುತ್ತೇನೆಂದು ಟ್ಯಾಂಕನ್ನೂ ಎಣ್ಣೆಯ ಬಾಟಲಿಯನ್ನೂ ನ್ಯಾಮತಿಗೆ ಒಯ್ದ.

ನಾನು ಮನೆಯಲ್ಲಿ ಭಾಷಣ ತಯಾರು ಮಾಡಿದೆ. “ಮಕ್ಕಳೇ, ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಇದು ಬೆಂಕಿಯಿಲ್ಲದ ಹೊಗೆ.” ಹೀಗೆ ಶುರು. ಫೋನಿನಲ್ಲಿ ಅವನಿಗೂ ಓದಿ ಹೇಳಿದೆ, ಭಾರಿ ಐತೆ ಎಂದ. ಹೆಂಡತಿ ಮಾತ್ರ, “ನಿಮ್ಮ ಭಾಷಣ ನಮ್ಮ ಕುಕ್ಕರಿಗೂ ಬಾಯಿಪಾಠ ಆಗೈತೆ, ಸಾಕು ಮಾಡ್ರಿ” ಎಂದಳು. ಆದರೂ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಳು.

ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆ ಅವನ ಫೋನು. “ಜಗಳೂರಿನ ಪ್ರೋಗ್ರಾಮು ಮುಂದಕ್ಕೆ ಹೋಗೈತೆ. ತಾರೀಖು ಗೊತ್ತಾದ್ಮ್ಯಾಲೆ ಹೇಳ್ತೀನಿ.” ನನಗೆ ಅನುಮಾನ ಬರಲಿಲ್ಲ. ಶಾಲೆಯವರಿಗೇ ನಾಲ್ಕು ಬೈದು ಫೋನಿಟ್ಟೆ.

ಹೆಂಡತಿಯ ಅಕ್ಕನ ಮನೆ ಜಗಳೂರಿನಲ್ಲೇ. ಅದೇ ವಾರ ಅವರ ಮೊಮ್ಮಗುವಿಗೆ ಹೆಸರಿಡುವುದಿತ್ತು. ಹೇಗೂ ಶಾಲೆಯ ಕೆಲಸವಿಲ್ಲ, ಮನೆಯದಾದರೂ ಆಗಲಿ ಎಂದು ಇಬ್ಬರೂ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದೆವು. ಅಂಗಿ ಹೇಗಿದ್ದರೂ ಇಸ್ತ್ರಿಯಾಗಿತ್ತಲ್ಲ, ಅದನ್ನೇ ಹಾಕಿಕೊಂಡಿದ್ದೆ. ಬಸ್ಸಿಳಿದು ಅವರ ಬೀದಿಗೆ ತಿರುಗುವಾಗ ಶಾಲೆಯೊಂದರ ಮೈದಾನದಿಂದ ಮೈಕಿನಲ್ಲಿ ಅವನ ದನಿ. ಸೈನ್ಯದವರದ್ದೊಂದು ಗಂಟಲಿರುತ್ತದೆ, ಎಲ್ಲಿದ್ದರೂ ಗುರುತು ಸಿಗುತ್ತದೆ.

ನಾನು ಗೇಟಿನ ಹತ್ತಿರ ನಿಂತೆ. ಮೊದಲು ಮಾಡಿದ ಕೆಲಸವೇನು ಗೊತ್ತೇ? ಜೇಬಿನಿಂದ ಮೊಬೈಲು ತೆಗೆದು ನೋಡಿದೆ. ಪ್ರೋಗ್ರಾಮು ದಿಢೀರ್ ಎಂದು ಗೊತ್ತಾಗಿರಬೇಕು, ಫೋನು ಮಾಡಿರುತ್ತಾನೆ, ಬಸ್ಸಿನ ಗದ್ದಲದಲ್ಲಿ ನನಗೇ ಕೇಳಿಸಿರಲಿಕ್ಕಿಲ್ಲ ಎಂದು. ಯಾವ ಫೋನೂ ಬಂದಿರಲಿಲ್ಲ.

ಮಕ್ಕಳು ಸುತ್ತ ಕೂತಿದ್ದರು. ನಡುವೆ ಟ್ಯಾಂಕು. ಹಸಿರು ಬಣ್ಣ ಹೊಡೆಸಿದ್ದ, ಚೆನ್ನಾಗಿತ್ತು. ಒಂದು ಕೈಯಲ್ಲಿ ರಿಮೋಟು, ಒಂದು ಕೈಯಲ್ಲಿ ಮೈಕು. “ಮಕ್ಕಳೇ, ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಇದು ಬೆಂಕಿಯಿಲ್ಲದ ಹೊಗೆ.” ನನ್ನ ಮಾತು, ಅಕ್ಷರ ಬಿಡದೆ. ಮಕ್ಕಳು ಚಪ್ಪಾಳೆ ತಟ್ಟಿದರು. “ಒಳಗಿನ ಕಾಯಿಲು ಐತಲ್ಲ, ಒಂಬತ್ತೂವರೆ ಸುತ್ತು. ಒಂದು ಸುತ್ತು ಹೆಚ್ಚಾಗಂಗಿಲ್ಲ, ಕಮ್ಮಿ ಆಗಂಗಿಲ್ಲ. ನಾನೇ ನನ್ನ ಕೈಯಾರೆ ಸುತ್ತಿದ್ದು. ಸೈನ್ಯ ಎಲ್ಲಾ ಕಲಿಸ್ತೈತೆ.”

ಅವನ ಬೆರಳು ನನಗೆ ಗೊತ್ತು. ಒಂದು ಸೂಜಿಗೆ ದಾರ ಪೋಣಿಸಲು ಬಾರದ ಬೆರಳು.

ಗಾಳಿ ನಮ್ಮ ಕಡೆಗೆ ತಿರುಗಿತು. ಪಕ್ಕದಲ್ಲಿದ್ದ ಹೆಂಡತಿ ಮೂಗಿಗೆ ಹಿಡಿದಿದ್ದ ಸೆರಗು ಸರಿಸಿ, “ರೀ, ನಮ್ಮ ಅಂಗಡಿ ವಾಸ್ನೆ,” ಎಂದಳು.

ಅಲ್ಲಿದ್ದ ಹೆಡ್‌ಮಾಸ್ಟರಿಗೂ ಮೂಗಿತ್ತು. ಹತ್ತಿರ ಬಂದು, “ಏನ್ ಸಾರ್, ಹೊಗೆ ಘಮಘಮ ಅಂತೈತೆ?” ಎಂದು ಕೇಳಿದರು. ಮೈಕು ನಡುವೆಯೇ ಇತ್ತು, ಎಲ್ಲರಿಗೂ ಕೇಳಿಸಿತು.

ಅವನು ಉತ್ತರಕ್ಕೆಂದು ತಲೆಯೆತ್ತಿದ. ಮಕ್ಕಳ ತಲೆಗಳ ಮೇಲಿಂದ ಅವನ ಕಣ್ಣು ನೇರವಾಗಿ ಗೇಟಿಗೆ ಬಂತು, ನನ್ನ ಮೇಲೆ ನಿಂತಿತು. ನಾನು ಕೈಯೆತ್ತಿದೆ. ದೇವರಾಣೆ, ಜಗಳಕ್ಕೆ ಎತ್ತಿದ ಕೈಯಲ್ಲ ಅದು. ಈಗ ಕರೆಯುತ್ತಾನೆ, ಬಾ ಉಸ್ತಾದ, ನೀನೇ ಹೇಳು ಎನ್ನುತ್ತಾನೆ, ಇಷ್ಟು ಹೊತ್ತು ಆಡಿದ್ದನ್ನೆಲ್ಲ ಆ ಒಂದು ಮಾತಿನಲ್ಲಿ ತೊಳೆದುಬಿಡುತ್ತಾನೆ ಎಂದು ನಂಬಿ ಎತ್ತಿದ ಕೈ. ನನ್ನ ಹೆಸರು ಅವನ ಬಾಯಲ್ಲಿ ಬಂದಂತೆಯೂ ಕಂಡಿತು.

ಅವನು ಹೆಡ್‌ಮಾಸ್ಟರ ಕಡೆ ತಿರುಗಿ, “ಹೊರಡೋ ಮುಂಚೆ ಪೂಜೆ ಮಾಡಿ ತಂದೀನಿ ಸಾರ್. ಸಾಂಬ್ರಾಣಿ,” ಎಂದ.

ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ತಲೆ ಕೆರೆದುಕೊಂಡೆ.

ಹೆಂಡತಿ, “ಹೋಗಿ ಕೇಳ್ರಿ” ಎಂದು ಬೆನ್ನಿಗೆ ತಿವಿದಳು. ಒಂದು ಸುತ್ತಿನ ಎಣಿಕೆ ತಪ್ಪಿಸಿದವರಿಗೆ ಬೀದಿಗೆ ಕೇಳುವಂತೆ ಬೈಯುವ ನಾನು, ನನ್ನ ಬದುಕಿನ ಒಂದೇ ಒಂದು ಸ್ವಂತ ಕೆಲಸವನ್ನು ಕಣ್ಣೆದುರಿಗೇ ಕಸಿದುಕೊಂಡಾಗ ಸುಮ್ಮನೆ ಹೆಸರಿಡುವ ಮನೆಗೆ ಹೋಗಿ ಬಿರಿಯಾನಿ ತಿಂದೆ. ರುಚಿ ಗೊತ್ತಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು, “ಜಗಳೂರಿಗೆ ಹೋಗಿ ಜಗಳ ಆಡದೆ ಬಂದೋರು ನೀವೊಬ್ರೇ ಇರಬೇಕು” ಎಂದಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

ಸಾಂಬ್ರಾಣಿ ಎಂದದ್ದಕ್ಕೆ ನನಗೆ ನೋವಿಲ್ಲ. ಎರಡೂ ಒಂದೇ ಎಂದು ಮೊದಲೇ ಹೇಳಿದೆನಲ್ಲ. ಪೂಜೆ ಎಂದದ್ದಕ್ಕೂ ಇಲ್ಲ, ನಿಜವಾಗಿಯೇ ಮಾಡಿದ್ದನೋ ಏನೋ. ಅವನು ನನ್ನನ್ನು ನೋಡದೆ ಹೇಳಿದ್ದರೆ, ಮೈಕು ಸಿಕ್ಕಾಗ ಮನುಷ್ಯ ನಾಲ್ಕು ಬಡಾಯಿ ಕೊಚ್ಚುತ್ತಾನೆ ಎಂದು ಬೈದು ಮರೆಯುತ್ತಿದ್ದೆ. ನೋಡಿ ಹೇಳಿದ. ಉಸ್ತಾದನ ಗುರ್ತು ಎಂದವನೇ ಅದನ್ನು ನನ್ನೆದುರಿಗೇ ಒರೆಸಿ ಹಾಕಿದ. ಮೂವತ್ತು ವರ್ಷದ ಸ್ನೇಹ ನನಗೆ ಮೋಸ ಮಾಡಿತು. ಇದನ್ನು ಬಣ್ಣ ಹಚ್ಚಿ ಹೇಳಲು ನನಗೆ ಬರುವುದಿಲ್ಲ.

ಎರಡು ತಿಂಗಳು ಅವನ ಸುದ್ದಿಯಿಲ್ಲ. ನಾನೂ ಫೋನು ಮಾಡಲಿಲ್ಲ. ಒಂದು ಗುರುವಾರ ಸಂಜೆ ಅಂಗಡಿಗೆ ಲೋಬಾನ ಹಾಕುತ್ತಿದ್ದೆ. ಹೊಗೆಯ ಆಚೆ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಖಾಲಿ ಬಾಟಲಿ.

“ಉಸ್ತಾದ, ಎಣ್ಣೆ ಖಾಲಿ ಆತು.”

ನಾನು ರಟ್ಟು ಬೀಸುತ್ತಲೇ ಇದ್ದೆ. ಅವನೇ ಸ್ಟೂಲು ಎಳೆದುಕೊಂಡು ಕೂತ. ಬೇರೆ ಎರಡು ಶಾಲೆಯವರು ಕರೆದಿದ್ದಾರಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಬಾಟಲಿಯ ಮುಚ್ಚಳವನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಇದನ್ನೇ ಮಾಡುತ್ತಿದ್ದ.

“ಆವತ್ತು ಅಲ್ಲಿ... ಹೆಂಗೆ ಹೇಳಾಕೆ ಆಗ್ತಿತ್ತು ಹೇಳು. ನಿನ್ನ ಹೆಸ್ರು ಹೇಳಿದ್ರೆ ಸುಮ್ನೆ ಪ್ರಶ್ನೆ ಬರ್ತಿದ್ವು.”

“ಯಾವ ಪ್ರಶ್ನೆ?”

ಅವನು ಮತ್ತೆ ಮುಚ್ಚಳ ತಿರುಗಿಸಿದ. ನಾನು ಇನ್ನೊಂದು ಸಲ ಕೇಳಿದೆ. “ಯಾವ ಪ್ರಶ್ನೆ ಬರ್ತಿದ್ವು, ಹೇಳು. ನಾನೂ ಕೇಳ್ತೀನಿ.” ಅವನ ಕಿವಿಗಳು ಕೆಂಪಗಾಗಿದ್ದವು. ಆ ಹೊತ್ತಿಗೆ ನಾನು ಬೈಯಬೇಕಾಗಿತ್ತು, ಎರಡು ತಿಂಗಳಿಂದ ಮನಸ್ಸಿನಲ್ಲೇ ಬೈಗುಳ ಜೋಡಿಸಿಟ್ಟಿದ್ದೆ, ಹೆಂಡತಿಯ ಕುಕ್ಕರಿಗೆ ಅದೂ ಬಾಯಿಪಾಠವಾಗಿತ್ತು. ಬಾಯಿ ತೆರೆದರೆ ಬೈಗುಳ ಬರುವ ಬದಲು ಅಳು ಬಂದೀತೆಂದು ಹೆದರಿದೆ.

ರಟ್ಟು ಕೆಳಗಿಟ್ಟು ಅವನ ಕೈಯಿಂದ ಬಾಟಲಿ ತೆಗೆದುಕೊಂಡೆ. ಗ್ಲಿಸರಿನ್ನು ಅಳೆದು ಹಾಕಿದೆ. ಬ್ಯಾಟರಿ ನೀರು ಅಳೆದು ಹಾಕಿದೆ. ಕುಲುಕಿ, ಮುಚ್ಚಳ ತಿರುಗಿಸಿ, ಅವನ ಮುಂದಿಟ್ಟೆ. ಲೋಬಾನದ ಸಣ್ಣ ಸೀಸೆ ಇಬ್ಬರಿಗೂ ಕಾಣುವಂತೆ ಹಲಗೆಯ ಮೇಲೆಯೇ ಇತ್ತು.

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ತಿಳಿಯಾಗಿತ್ತು. “ಇದರಾಗೆ ಅದು ಹಾಕ್ಲಿಲ್ಲಲ್ಲ?” ಎಂದ. ಸೀಸೆಯ ಕಡೆ ನೋಡಿದ.

“ಟ್ಯಾಂಕು ಅಂದ್ರೆ ಡೀಸೆಲ್ ವಾಸ್ನೆ ಇರಬೇಕು ಅಂದಿದ್ಯಲ್ಲ.”

ಅವನು ಎದ್ದು, ಬಾಗಿಲಲ್ಲಿ ಒಮ್ಮೆ ನಿಂತು, ಹೋದ. ಉಸ್ತಾದ ಎನ್ನಲಿಲ್ಲ.

ಲೋಬಾನವಿಲ್ಲದೆ ಆ ಕಾಯಿಲು ಇನ್ನು ವರ್ಷಗಟ್ಟಲೆ ಬಾಳುತ್ತದೆ. ಎಷ್ಟು ಶಾಲೆಗಳಿಗೆ ಹೋದರೂ ಸುಡುವುದಿಲ್ಲ, ಇನ್ನೊಂದು ಸುತ್ತಿಸಿಕೊಳ್ಳಲು ಅವನು ನನ್ನ ಹತ್ತಿರ ಬರಬೇಕಾಗಿಯೂ ಇಲ್ಲ. ಬಾಟಲಿ ತುಂಬುವಾಗ ಇದು ನನಗೆ ಗೊತ್ತಿತ್ತು. ಕೆಂಡ ಇನ್ನೂ ಆರಿರಲಿಲ್ಲ, ರಟ್ಟು ಕೈಗೆ ಸಿಗುವಲ್ಲೇ ಇತ್ತು, ಬೀಸಿದ್ದರೆ ಆ ಬಾಟಲಿಗೂ ಹೊಗೆ ಹಿಡಿಯುತ್ತಿತ್ತು. ಅಪ್ಪನ ಕಾಲದಿಂದ ಇಲ್ಲಿಯವರೆಗೆ ನಮ್ಮ ಅಂಗಡಿಯ ಹೊಸ್ತಿಲನ್ನು ಲೋಬಾನವಿಲ್ಲದೆ ದಾಟಿದ ಸಾಮಾನು ಅದೊಂದೇ.